ಪರಮಾಣುವಿನ ನಡುವನ್ನು ಕಂಡ ಹಳ್ಳಿ ಹುಡುಗ: ಅರ್ನೆಸ್ಟ್ ರುದರ್‌ಫೋರ್ಡ್

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ನಾವೆಲ್ಲರೂ ಬಿಡಿಸುವ ಒಂದು ಚಿತ್ರವಿದೆ. ಒಂದು ಕಡೆ ಸೀಸದ ಪೆಟ್ಟಿಗೆಯೊಳಗೆ ಆಲ್ಫಾ ಕಣಗಳ ಆಕರ, ನಡುವೆ ತೆಳುವಾದ ಚಿನ್ನದ ಹಾಳೆ, ಸುತ್ತ ಸತುವಿನ ಸಲ್ಫೈಡ್ ಪರದೆ. ಭಾಗಗಳನ್ನು ಗುರುತಿಸಿದರೆ ಅಂಕ ಸಿಗುತ್ತದೆ. ಆದರೆ ಈ ಪಾಠ ಮಾಡುವಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಯಾರೂ ಕಣ್ಣಾರೆ ಕಾಣದ ಪರಮಾಣುವಿನ ಒಳಗೆ ಏನಿದೆ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳಿದರು ಎಂಬ ಪ್ರಶ್ನೆ. ಅದು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಸೂತ್ರದ ಉತ್ತರಕ್ಕಿಂತ ಒಬ್ಬ ಮನುಷ್ಯನ ಬದುಕಿನ ಉತ್ತರ ಹೆಚ್ಚು ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ.

ಅರ್ನೆಸ್ಟ್ ರುದರ್‌ಫೋರ್ಡ್ ಹುಟ್ಟಿದ್ದು 1871ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ. ತಂದೆ ಜೇಮ್ಸ್ ಗಾಡಿಯ ಚಕ್ರ ಮಾಡುವ ಕಸುಬಿನವರು, ಮುಂದೆ ನಾರಿನ ಗಿರಣಿ ನಡೆಸಿದರು. ತಾಯಿ ಮಾರ್ಥಾ ಶಾಲಾ ಶಿಕ್ಷಕಿಯಾಗಿದ್ದವರು. ಹನ್ನೆರಡು ಮಕ್ಕಳಲ್ಲಿ ಅರ್ನೆಸ್ಟ್ ನಾಲ್ಕನೆಯವನು. ಆಲೂಗಡ್ಡೆ ಅಗೆಯುವುದು, ಹಸು ಕರೆಯುವುದು, ಸೌದೆ ತರುವುದು ಆ ಮನೆಯ ಮಕ್ಕಳಿಗೆ ಓದಿನಷ್ಟೇ ಮಾಮೂಲಿ ಕೆಲಸ. ಇಬ್ಬರು ತಮ್ಮಂದಿರು ಎಳೆಯ ವಯಸ್ಸಿನಲ್ಲೇ ಸಮುದ್ರದ ಪಾಲಾದರು. ಆ ದುಃಖವನ್ನೂ ಆ ಮನೆ ಕಂಡಿತ್ತು.

ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಹಾಗಾಗಿ ಅರ್ನೆಸ್ಟನ ವಿದ್ಯಾಭ್ಯಾಸದ ಪ್ರತಿಯೊಂದು ಮೆಟ್ಟಿಲೂ ಒಂದೊಂದು ವಿದ್ಯಾರ್ಥಿವೇತನ. 1887ರಲ್ಲಿ 600ಕ್ಕೆ 580 ಅಂಕ ಪಡೆದು ನೆಲ್ಸನ್ ಕಾಲೇಜಿಗೆ ಸೇರಿದ. ಆದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಮೊದಲ ಸಲ ಕೈತಪ್ಪಿತು. ಎರಡನೆಯ ಸಲ ಬರೆದಾಗ ಸಿಕ್ಕಿತು. ಕ್ರೈಸ್ಟ್‌ಚರ್ಚಿನ ಕ್ಯಾಂಟರ್ಬರಿ ಕಾಲೇಜಿನಲ್ಲಿ ಪದವಿ, ಸ್ನಾತಕೋತ್ತರ ಪದವಿ ಎಲ್ಲ ಮುಗಿಸಿದ ಮೇಲೂ ಶಾಲಾ ಶಿಕ್ಷಕನ ಕಾಯಂ ನೌಕರಿಗೆ ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಸೋತರು. ಇಂಗ್ಲೆಂಡಿನಲ್ಲಿ ಸಂಶೋಧನೆ ಮಾಡಲು ನ್ಯೂಜಿಲೆಂಡಿಗೆ ಆಗ ಇದ್ದದ್ದು ಒಂದೇ ವಿದ್ಯಾರ್ಥಿವೇತನ. ಅದೂ ಮೊದಲು ಮೆಕ್ಲಾರಿನ್ ಎಂಬ ರಸಾಯನಶಾಸ್ತ್ರಜ್ಞರ ಪಾಲಾಯಿತು. ಅವರು ಬೇಡವೆಂದದ್ದರಿಂದ ಎರಡನೆಯ ಸ್ಥಾನದಲ್ಲಿದ್ದ ರುದರ್‌ಫೋರ್ಡರಿಗೆ ಬಂತು. ಪರಮಾಣುವಿನ ಚರಿತ್ರೆ ಹೀಗೆ ಒಂದು ಕಾಯುವ ಪಟ್ಟಿಯಿಂದ ಹೊರಟಿತು ಎಂದರೆ ಅದು ಬರೀ ತಮಾಷೆಯಲ್ಲ.

1895ರಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಬಂದರು. ಮಾರ್ಗದರ್ಶಕರು ಜೆ. ಜೆ. ಥಾಮ್ಸನ್. ಬರುವಾಗ ರುದರ್‌ಫೋರ್ಡರ ಕೈಯಲ್ಲಿದ್ದದ್ದು ರೇಡಿಯೋ ಅಲೆಗಳನ್ನು ದೂರದಿಂದ ಗುರುತಿಸುವ ತಾವೇ ಮಾಡಿದ ಉಪಕರಣ. ಅದನ್ನೇ ಹಿಡಿದು ಮುಂದುವರಿದಿದ್ದರೆ ಹಣ ಮಾಡಬಹುದಿತ್ತು. ಆದರೆ ಅದೇ ವರ್ಷದ ಕೊನೆಗೆ ರಾಂಟ್ಜನ್ ಎಕ್ಸ್-ಕಿರಣಗಳನ್ನು ಕಂಡರು. 1896ರಲ್ಲಿ ಬೆಕೆರೆಲ್ ಯುರೇನಿಯಂನಿಂದ ತಾನಾಗಿಯೇ ಹೊರಬರುವ ಕಿರಣಗಳನ್ನು ಕಂಡರು. 1897ರಲ್ಲಿ ಥಾಮ್ಸನ್ನರೇ ಎಲೆಕ್ಟ್ರಾನನ್ನು ಕಂಡುಹಿಡಿದರು. ಒಡೆಯಲಾಗದ್ದು ಎಂದುಕೊಂಡಿದ್ದ ಪರಮಾಣುವಿನಿಂದ ತುಣುಕುಗಳು ಹೊರಬರುತ್ತಿದ್ದವು. ರುದರ್‌ಫೋರ್ಡ್ ರೇಡಿಯೋ ಬಿಟ್ಟು ಆ ಕಡೆ ತಿರುಗಿದರು.

ಯುರೇನಿಯಂನ ಕಿರಣಗಳ ದಾರಿಯಲ್ಲಿ ಒಂದರ ಮೇಲೊಂದರಂತೆ ತೆಳುವಾದ ಅಲ್ಯುಮಿನಿಯಂ ಹಾಳೆಗಳನ್ನಿಟ್ಟು, ಪ್ರತಿ ಹಾಳೆಗೂ ಎಷ್ಟು ಕಿರಣ ಕಡಿಮೆಯಾಯಿತು ಎಂದು ಅಳೆದರು. ಮೊದಲ ಕೆಲವು ಹಾಳೆಗಳಿಗೇ ಒಂದು ಭಾಗ ನಿಂತುಹೋಯಿತು. ಉಳಿದದ್ದು ಎಷ್ಟೋ ಹಾಳೆ ದಾಟಿ ಹೋಗುತ್ತಿತ್ತು. ಅಂದರೆ ಕಿರಣ ಒಂದಲ್ಲ, ಎರಡು ಬಗೆ. ಸುಲಭವಾಗಿ ನಿಲ್ಲುವುದಕ್ಕೆ ಆಲ್ಫಾ, ತೂರಿಹೋಗುವುದಕ್ಕೆ ಬೀಟಾ ಎಂದು ಹೆಸರಿಟ್ಟರು. ಮುಂದೆ ಫ್ರಾನ್ಸಿನ ವಿಲಾರ್ಡ್ ಕಂಡ ಮೂರನೆಯ ಬಗೆಗೆ ಗಾಮಾ ಎಂದು ಹೆಸರು ಕೊಟ್ಟವರೂ ಇವರೇ. ಸಾಧನ ನೋಡಿ, ಹಾಳೆಗಳು ಮತ್ತು ಒಂದು ವಿದ್ಯುದಂಶ ಅಳೆಯುವ ಯಂತ್ರ, ಅಷ್ಟೇ.

1898ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಸಂಬಳ ಬರಲು ಶುರುವಾದ ಮೇಲೆಯೇ, 1900ರಲ್ಲಿ, ನ್ಯೂಜಿಲೆಂಡಿಗೆ ಹೋಗಿ ವರ್ಷಗಟ್ಟಲೆ ಕಾದಿದ್ದ ಮೇರಿ ನ್ಯೂಟನ್ನರನ್ನು ಮದುವೆಯಾದರು.

ಅರ್ಧಾಯುವಿನ ಪಾಠ ಹುಟ್ಟಿದ್ದು ಮಾಂಟ್ರಿಯಲ್‌ನಲ್ಲಿ, ಒಂದು ಬಾಗಿಲಿನಿಂದ. ರುದರ್‌ಫೋರ್ಡರ ಸಹೋದ್ಯೋಗಿ ಓವೆನ್ಸ್ ಥೋರಿಯಂನ ವಿಕಿರಣ ಅಳೆಯುತ್ತಿದ್ದಾಗ ಅಂಕಿಗಳು ಒಂದು ತಾಳಕ್ಕೆ ಬರುತ್ತಿರಲಿಲ್ಲ. ಕೋಣೆಯ ಬಾಗಿಲು ತೆರೆದರೆ ಒಂದು, ಮುಚ್ಚಿದರೆ ಇನ್ನೊಂದು. ನಮ್ಮ ಲ್ಯಾಬಿನಲ್ಲಿ ಹೀಗಾದರೆ ನಾವೇನು ಮಾಡುತ್ತೇವೆ? ಪಕ್ಕದವರ ರೆಕಾರ್ಡ್ ನೋಡಿ ಸರಿಯಾದ ಅಂಕಿ ಬರೆಯುತ್ತೇವೆ. ರುದರ್‌ಫೋರ್ಡ್ ಬಾಗಿಲಿನ ಗಾಳಿಯನ್ನೇ ಗಂಭೀರವಾಗಿ ತೆಗೆದುಕೊಂಡರು. ಗಾಳಿ ಬೀಸಿದರೆ ಹೋಗುವಂಥದ್ದು ಎಂದರೆ ಅದು ಅನಿಲವೇ ಇರಬೇಕು. ಥೋರಿಯಂನಿಂದ ವಿಕಿರಣಶೀಲವಾದ ಒಂದು ಅನಿಲ ಹೊರಬರುತ್ತಿತ್ತು. ಅದನ್ನು ಬೇರೆ ಪಾತ್ರೆಗೆ ಹಾಯಿಸಿ ಅಳೆದರೆ ಸುಮಾರು ಒಂದು ನಿಮಿಷಕ್ಕೆ ಅದರ ಚಟುವಟಿಕೆ ಅರ್ಧವಾಗುತ್ತಿತ್ತು. ಇನ್ನೊಂದು ನಿಮಿಷಕ್ಕೆ ಆ ಅರ್ಧದ ಅರ್ಧ. ಎರಡು ಅರ್ಧಾಯು ಕಳೆದರೆ ಪೂರ್ತಿ ಮುಗಿಯುತ್ತದೆ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ದಯವಿಟ್ಟು ಇದನ್ನು ನೆನಪಿಡಿ. ಎರಡು ಅರ್ಧಾಯುವಿನ ನಂತರ ಕಾಲು ಭಾಗ ಉಳಿದಿರುತ್ತದೆ, ಮೂರರ ನಂತರ ಎಂಟನೆಯ ಒಂದು ಭಾಗ. ಯಾವ ಪರಮಾಣು ಈಗ ಒಡೆಯುತ್ತದೆ ಎಂದು ಯಾರೂ ಹೇಳಲಾರರು. ಕೋಟಿಗಟ್ಟಲೆ ಪರಮಾಣುಗಳ ಗುಂಪಿನಲ್ಲಿ ಅರ್ಧ ಯಾವಾಗ ಒಡೆದಿರುತ್ತವೆ ಎಂದು ಮಾತ್ರ ಹೇಳಬಹುದು.

ಈ ಬಗೆಯ ಅನಿಲಗಳ ಮೇಲೆ ರುದರ್‌ಫೋರ್ಡರ ಜೊತೆ ಕೆಲಸ ಮಾಡಿದವರಲ್ಲಿ ಹ್ಯಾರಿಯೆಟ್ ಬ್ರೂಕ್ಸ್ ಒಬ್ಬರು. ಆಕೆ ರುದರ್‌ಫೋರ್ಡರ ಮೊದಲ ಸಂಶೋಧನಾ ವಿದ್ಯಾರ್ಥಿನಿ. ರೇಡಿಯಂನಿಂದ ಬರುವುದು ಭಾರವಾದ ಒಂದು ಹೊಸ ಅನಿಲ ಎಂದು 1901ರಲ್ಲಿ ಇಬ್ಬರೂ ಸೇರಿ ತೋರಿಸಿದರು. ನಾವು ಇಂದು ರೇಡಾನ್ ಎನ್ನುವುದು ಅದನ್ನೇ. ಮುಂದೆ ಬ್ರೂಕ್ಸ್ ಅಮೆರಿಕದ ಮಹಿಳಾ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಮದುವೆಯಾಗುವುದಾದರೆ ಕೆಲಸ ಬಿಡಬೇಕು ಎಂಬ ನಿಯಮ ಅಡ್ಡಬಂತು. 1907ರಲ್ಲಿ ಮದುವೆಯಾದ ಮೇಲೆ ಆಕೆ ಭೌತಶಾಸ್ತ್ರಕ್ಕೆ ಮರಳಲಿಲ್ಲ. ಪಠ್ಯಪುಸ್ತಕದಲ್ಲಿ ಹೆಸರಿಲ್ಲದ ಕಾರಣ ನಮ್ಮ ವಿದ್ಯಾರ್ಥಿನಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕೇಂಬ್ರಿಡ್ಜಿನಲ್ಲಿ ಮಹಿಳೆಯರಿಗೆ ಸಮಾನ ಸ್ಥಾನ ಕೊಡಬೇಕೆಂದು 1920ರಲ್ಲಿ ಪತ್ರಿಕೆಗೆ ಬರೆದವರಲ್ಲಿ ರುದರ್‌ಫೋರ್ಡರೂ ಒಬ್ಬರು.

ಮೆಕ್‌ಗಿಲ್‌ನಲ್ಲೇ ಫ್ರೆಡೆರಿಕ್ ಸಾಡಿ ಎಂಬ ಯುವ ರಸಾಯನಶಾಸ್ತ್ರಜ್ಞರು ಜೊತೆಗೂಡಿದರು. ಇಬ್ಬರೂ 1902-03ರ ಹೊತ್ತಿಗೆ ಹೇಳಿದ ಮಾತು ಆಗಿನ ಕಾಲಕ್ಕೆ ಸಣ್ಣದಲ್ಲ. ವಿಕಿರಣ ಬರುವಾಗ ಒಂದು ಧಾತು ಇನ್ನೊಂದು ಧಾತುವಾಗಿ ಬದಲಾಗುತ್ತಿದೆ. ಕಬ್ಬಿಣವನ್ನು ಚಿನ್ನ ಮಾಡುತ್ತೇವೆಂದು ಶತಮಾನಗಳ ಕಾಲ ಹೊರಟವರ ಸಾಲಿಗೆ ನಮ್ಮನ್ನೂ ಸೇರಿಸಿಯಾರು ಎಂಬ ಅಳುಕು ಅವರಿಗಿತ್ತು. ಆದರೆ ಲೆಕ್ಕ ಹಾಗೆಯೇ ಹೇಳುತ್ತಿತ್ತು. ಕಾಯಿಸಿದರೂ, ತಣಿಸಿದರೂ, ಬೇರೆ ಯಾವ ವಸ್ತುವಿನ ಜೊತೆ ಸಂಯೋಗ ಮಾಡಿದರೂ ವಿಕಿರಣದ ವೇಗ ಬದಲಾಗುತ್ತಿರಲಿಲ್ಲ. ರಾಸಾಯನಿಕ ಕ್ರಿಯೆ ಪರಮಾಣುವಿನ ಹೊರಮೈಯ ವ್ಯವಹಾರ. ಇದು ಒಳಗಿನದು. ಎಷ್ಟು ಒಳಗಿನದು ಎಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದರು. 1908ರಲ್ಲಿ ನೊಬೆಲ್ ಬಂತು. ಬಂದದ್ದು ಭೌತಶಾಸ್ತ್ರಕ್ಕಲ್ಲ, ರಸಾಯನಶಾಸ್ತ್ರಕ್ಕೆ! ತಾನು ಕಂಡ ಪರಿವರ್ತನೆಗಳಲ್ಲೆಲ್ಲ ಭೌತಶಾಸ್ತ್ರಜ್ಞನಾಗಿದ್ದ ತಾನು ರಸಾಯನಶಾಸ್ತ್ರಜ್ಞನಾಗಿ ಬದಲಾದದ್ದೇ ಅತಿ ವೇಗದ್ದು ಎಂದು ಅವರೇ ನಗೆಯಾಡಿದರು. ಅದೇ ಸಮಯದಲ್ಲಿ ರಾಯ್ಡ್ಸ್ ಎಂಬ ಸಹಾಯಕರ ಜೊತೆ ಆಲ್ಫಾ ಕಣ ಯಾವುದೆಂದು ತೀರ್ಮಾನಿಸಿದರು. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳು ಗೋಡೆಯ ಗಾಜಿನ ಕೊಳವೆಯಲ್ಲಿ ರೇಡಾನ್ ತುಂಬಿ, ಅದನ್ನು ಗಾಳಿ ತೆಗೆದ ಇನ್ನೊಂದು ಕೊಳವೆಯೊಳಗಿಟ್ಟರು. ಅನಿಲ ಆ ಗೋಡೆ ದಾಟದು, ಆಲ್ಫಾ ಕಣ ದಾಟುತ್ತದೆ. ಕೆಲವು ದಿನ ಬಿಟ್ಟು ಹೊರಕೊಳವೆಯಲ್ಲಿ ಸಂಗ್ರಹವಾದುದರ ಮೂಲಕ ವಿದ್ಯುತ್ ಹಾಯಿಸಿದರೆ ಹೀಲಿಯಂನ ಹಳದಿ ರೇಖೆ ಕಾಣಿಸಿತು.

ಈಗ ನಮ್ಮ ಪುಸ್ತಕದ ಚಿತ್ರಕ್ಕೆ ಬರೋಣ. ಆಗಿನ ನಂಬಿಕೆ ಥಾಮ್ಸನ್ನರ ಮಾದರಿ. ಹೈಸ್ಕೂಲಿನಲ್ಲಿ ನಾವು ಕಲ್ಲಂಗಡಿ ಹಣ್ಣಿಗೆ ಹೋಲಿಸಿ ಓದಿದ್ದು ಅದೇ. ಧನ ವಿದ್ಯುದಂಶ ಹಣ್ಣಿನ ತಿರುಳಿನಂತೆ ಎಲ್ಲ ಕಡೆ ಹರಡಿದೆ, ಎಲೆಕ್ಟ್ರಾನುಗಳು ಬೀಜಗಳಂತೆ ಅಲ್ಲಲ್ಲಿ ಕೂತಿವೆ. ಇಂಥ ಪರಮಾಣುವಿನ ಮೂಲಕ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್ ವೇಗದ ಆಲ್ಫಾ ಕಣ ಹೋದರೆ ಅದಕ್ಕೆ ದೊಡ್ಡ ತಡೆ ಎಲ್ಲೂ ಇಲ್ಲ. ಒಂದಿಷ್ಟು ಓರೆಯಾಗಬಹುದು ಅಷ್ಟೆ. ಜರ್ಮನಿಯಿಂದ ಬಂದಿದ್ದ ಹಾನ್ಸ್ ಗೈಗರ್ ಆ ಸಣ್ಣ ಓರೆಯನ್ನು ಅಳೆಯುತ್ತಿದ್ದರು. ಆಲ್ಫಾ ಕಣ ಪರದೆಗೆ ತಾಗಿದರೆ ಒಂದು ಸಣ್ಣ ಮಿನುಗು ಕಾಣುತ್ತದೆ. ಅದನ್ನು ನೋಡಲು ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಕೂತು ಕಣ್ಣನ್ನು ಹೊಂದಿಸಿಕೊಳ್ಳಬೇಕು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಒಂದೊಂದೇ ಮಿನುಗು ಎಣಿಸಬೇಕು. ಸ್ವಲ್ಪ ಹೊತ್ತಿಗೇ ಕಣ್ಣು ಸೋಲುತ್ತದೆ. ರುದರ್‌ಫೋರ್ಡರಿಗೆ ಈ ಎಣಿಕೆಯ ತಾಳ್ಮೆ ಇರಲಿಲ್ಲ. ಎರಡು ನಿಮಿಷ ಕೂತು ಬೈದುಕೊಂಡು ಎದ್ದುಬಿಡುತ್ತಿದ್ದರು. ಗೈಗರ್ ರಾತ್ರಿಯಿಡೀ ಎಣಿಸುತ್ತಿದ್ದರು. ದೊಡ್ಡವರಲ್ಲಿಯೂ ಇಂಥ ಕೊರತೆಗಳಿರುತ್ತವೆ. ರುದರ್‌ಫೋರ್ಡ್ ಅದನ್ನು ಒಪ್ಪಿಕೊಂಡು ಗೈಗರರನ್ನು ಮೆಚ್ಚಿದರು.

1909ರಲ್ಲಿ ಅರ್ನೆಸ್ಟ್ ಮಾರ್ಸ್‌ಡೆನ್ ಎಂಬ ಇಪ್ಪತ್ತು ವರ್ಷದ, ಇನ್ನೂ ಪದವಿ ಮುಗಿಸದ ಹುಡುಗನಿಗೆ ಏನಾದರೂ ಕೆಲಸ ಕೊಡಬೇಕಿತ್ತು. ಆಲ್ಫಾ ಕಣಗಳು ಲೋಹಕ್ಕೆ ಬಡಿದು ದೊಡ್ಡ ಕೋನದಲ್ಲಿ ತಿರುಗುತ್ತವೆಯೇ ನೋಡು ಎಂದರು ರುದರ್‌ಫೋರ್ಡ್. ತಿರುಗುತ್ತವೆ ಎಂಬ ನಿರೀಕ್ಷೆ ಅವರಿಗೂ ಇರಲಿಲ್ಲ. ಕಲಿಯುವ ಹುಡುಗನಿಗೆ ಕೈ ಪಳಗಲಿ ಎಂಬಂಥ ಕೆಲಸ. ಹುಡುಗ ಆಕರದ ಕಡೆಗೇ, ಅಂದರೆ ಕಣ ಬರಲೇಬಾರದ ಕಡೆಗೆ ಪರದೆ ಇಟ್ಟು ಕತ್ತಲಲ್ಲಿ ಕೂತ. ಮಿನುಗು ಕಂಡಿತು. ಆಕರದಿಂದ ನೇರವಾಗಿ ಬರದಂತೆ ಸೀಸದ ತಡೆ ಇತ್ತು. ಆದರೂ ಕಂಡಿತು. ಪ್ಲಾಟಿನಂ ತಗಡಿನಲ್ಲಿ ಲೆಕ್ಕ ಹಾಕಿದಾಗ ಸುಮಾರು 8,000 ಕಣಗಳಲ್ಲಿ ಒಂದು ಹಿಂದಕ್ಕೆ ಬರುತ್ತಿತ್ತು.

ಎಂಟು ಸಾವಿರಕ್ಕೆ ಒಂದು. ಇದನ್ನು ದೋಷ ಎಂದು ಬಿಟ್ಟುಬಿಡಬಹುದಿತ್ತು. ಅನೇಕ ಪರಮಾಣುಗಳು ಸೇರಿ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿರಬಹುದು ಎಂದೂ ಹೇಳಬಹುದಿತ್ತು. ರುದರ್‌ಫೋರ್ಡ್ ಲೆಕ್ಕ ಹಾಕಿದರು. ಒಂದೊಂದು ಡಿಗ್ರಿಯಷ್ಟು ಸಣ್ಣ ತಿರುವುಗಳು ಎಡಕ್ಕೂ ಬಲಕ್ಕೂ ಆಗುತ್ತವೆ, ಒಂದನ್ನೊಂದು ಹೊಡೆದುಹಾಕುತ್ತವೆ. ಅವು ಕೂಡಿ ತೊಂಬತ್ತು ಡಿಗ್ರಿ ಆಗುವ ಸಾಧ್ಯತೆ ಎಂಟು ಸಾವಿರಕ್ಕೆ ಒಂದಕ್ಕಿಂತ ಎಷ್ಟೋ ಪಟ್ಟು ಕಡಿಮೆ, ಇಲ್ಲವೇ ಇಲ್ಲ ಎನ್ನಬಹುದು. ಹಾಗಾದರೆ ಒಂದೇ ಪರಮಾಣು, ಒಂದೇ ಏಟಿನಲ್ಲಿ ಕಣವನ್ನು ಹಿಂದಕ್ಕೆ ಕಳಿಸಿರಬೇಕು. ಅದಕ್ಕೆ ಬೇಕಾದ ಬಲ ಹರಡಿಕೊಂಡ ವಿದ್ಯುದಂಶಕ್ಕೆ ಇರಲಾರದು. ವಿದ್ಯುದಂಶವೆಲ್ಲ, ಹೆಚ್ಚುಕಡಿಮೆ ದ್ರವ್ಯರಾಶಿಯೆಲ್ಲ, ಒಂದು ಚುಕ್ಕೆಯಷ್ಟು ಜಾಗದಲ್ಲಿ ಒತ್ತಿಕೊಂಡಿರಬೇಕು. ಹೆಚ್ಚಿನ ಕಣಗಳು ನೇರ ಹೋಗುವುದೇಕೆಂದರೆ ಉಳಿದದ್ದೆಲ್ಲ ಬಯಲು. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ಸಾಸಿವೆ ಕಾಳು ಮಾಡಿ ಕ್ರಿಕೆಟ್ ಪಿಚ್ಚಿನ ಒಂದು ವಿಕೆಟ್ಟಿನ ಬುಡದಲ್ಲಿಟ್ಟರೆ, ಪರಮಾಣುವಿನ ಅಂಚು ಸುಮಾರಾಗಿ ಇನ್ನೊಂದು ವಿಕೆಟ್ಟಿನ ಹತ್ತಿರ ಬರುತ್ತದೆ.

ಈ ಯೋಚನೆ ಒಂದು ದಿನದ್ದಲ್ಲ. ಮಾರ್ಸ್‌ಡೆನ್ ಮಿನುಗು ಕಂಡದ್ದು 1909ರಲ್ಲಿ, ರುದರ್‌ಫೋರ್ಡರ ಲೇಖನ ಬಂದದ್ದು 1911ರಲ್ಲಿ. ಆ ಲೇಖನದಲ್ಲಿ ನಡುವಿನ ವಿದ್ಯುದಂಶ ಧನವೋ ಋಣವೋ ಎಂದು ಅವರು ಕೊನೆಯ ಮಾತು ಹೇಳಿರಲಿಲ್ಲ, ನ್ಯೂಕ್ಲಿಯಸ್ ಎಂಬ ಹೆಸರನ್ನೂ ಬಳಸಿರಲಿಲ್ಲ. ಗೊತ್ತಿದ್ದಷ್ಟೇ ಹೇಳಿದರು. ಆಮೇಲೆ ಗೈಗರ್ ಮತ್ತು ಮಾರ್ಸ್‌ಡೆನ್ ಸೂತ್ರವನ್ನು ಪರೀಕ್ಷಿಸಲು ಕೂತರು. 5 ಡಿಗ್ರಿಯಿಂದ 150 ಡಿಗ್ರಿಯವರೆಗೆ ಕೋನ ಬದಲಿಸುತ್ತ, ಒಂದು ಲಕ್ಷಕ್ಕೂ ಹೆಚ್ಚು ಮಿನುಗುಗಳನ್ನು ಕಣ್ಣಿನಿಂದಲೇ ಎಣಿಸಿದರು. ಆ ಕೋನಗಳ ನಡುವೆ ಕಣಗಳ ಸಂಖ್ಯೆ ಸುಮಾರು 2,50,000 ಪಟ್ಟು ಕಡಿಮೆಯಾಗಬೇಕು ಎಂದು ಸೂತ್ರ ಹೇಳುತ್ತಿತ್ತು. ಎಣಿಕೆಯೂ ಹಾಗೆಯೇ ಬಂತು. 1913ರಲ್ಲಿ ಅದು ಪ್ರಕಟವಾಯಿತು. ಕಾಣದ್ದನ್ನು ಹೇಗೆ ಖಚಿತವಾಗಿ ಹೇಳಿದರು ಎಂಬ ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ ಇಲ್ಲಿದೆ.

ಮಾದರಿಯಲ್ಲಿ ದೊಡ್ಡ ತೊಡಕೊಂದಿತ್ತು. ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ನ್ಯೂಕ್ಲಿಯಸ್ಸಿಗೆ ಬೀಳಬೇಕು, ಪರಮಾಣು ಉಳಿಯಲೇಬಾರದು. ರುದರ್‌ಫೋರ್ಡರಿಗೆ ಇದು ಗೊತ್ತಿತ್ತು, ಸದ್ಯಕ್ಕೆ ಬದಿಗಿಟ್ಟರು. 1912ರಲ್ಲಿ ಮ್ಯಾಂಚೆಸ್ಟರಿಗೆ ಬಂದ ಡೆನ್ಮಾರ್ಕಿನ ನೀಲ್ಸ್ ಬೋರ್ ಅದನ್ನು ಎತ್ತಿಕೊಂಡರು. ಅದು ಮುಂದಿನ ಪಾಠ.

ಅದೇ ಪ್ರಯೋಗಾಲಯದಲ್ಲಿ ಹೆನ್ರಿ ಮೋಸ್ಲೆ ಎಂಬ ಯುವಕ ಎಕ್ಸ್-ಕಿರಣಗಳಿಂದ ಧಾತುಗಳ ಪರಮಾಣು ಸಂಖ್ಯೆಗೆ ಅರ್ಥ ಕೊಟ್ಟರು. ಆವರ್ತಕ ಕೋಷ್ಟಕವನ್ನು ನಾವು ದ್ರವ್ಯರಾಶಿಯ ಕ್ರಮದಲ್ಲಿ ಅಲ್ಲದೆ ಪರಮಾಣು ಸಂಖ್ಯೆಯ ಕ್ರಮದಲ್ಲಿ ಓದುವುದು ಆ ಕೆಲಸದಿಂದ. 1914ರಲ್ಲಿ ಮಹಾಯುದ್ಧ ಬಂತು. ಮೋಸ್ಲೆ ಸೈನ್ಯ ಸೇರಿ 1915ರ ಆಗಸ್ಟ್ 10ರಂದು ಗ್ಯಾಲಿಪೊಲಿಯಲ್ಲಿ ಗುಂಡಿಗೆ ಬಲಿಯಾದರು. ವಯಸ್ಸು ಇಪ್ಪತ್ತೇಳು. ಗೈಗರ್ ಜರ್ಮನಿಯ ಸೈನ್ಯದಲ್ಲಿ, ಮಾರ್ಸ್‌ಡೆನ್ ಎದುರು ಪಾಳೆಯದಲ್ಲಿ. ಕತ್ತಲಲ್ಲಿ ಒಟ್ಟಿಗೆ ಕೂತು ಮಿನುಗು ಎಣಿಸಿದ್ದ ಇಬ್ಬರು! ಜರ್ಮನಿಗೆ ಓದಲು ಹೋಗಿದ್ದ ಶಿಷ್ಯ ಚಾಡ್ವಿಕ್ ಬರ್ಲಿನ್ನಿನಲ್ಲಿ ಸೆರೆಯಾದರು.

ಈ ಪ್ರಯೋಗಗಳಿಗೆ ಬೇಕಾದ ರೇಡಿಯಂ ಆಸ್ಟ್ರಿಯಾದ ವಿಯೆನ್ನಾ ಅಕಾಡೆಮಿಯಿಂದ ಸಾಲವಾಗಿ ಬಂದಿತ್ತು. ಯುದ್ಧದಲ್ಲಿ ಆಸ್ಟ್ರಿಯಾ ಶತ್ರುದೇಶವಾಯಿತು, ರೇಡಿಯಂ ಶತ್ರುವಿನ ಆಸ್ತಿಯಾಯಿತು. ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಯುದ್ಧ ಮುಗಿದ ಮೇಲೆ ವಿಯೆನ್ನಾದ ವಿಜ್ಞಾನಿಗಳು ಹಣದ ಮುಗ್ಗಟ್ಟಿನಲ್ಲಿದ್ದಾಗ, ಆ ರೇಡಿಯಂಗೆ ಬೆಲೆ ಕೊಡಲೇಬೇಕೆಂದು ರುದರ್‌ಫೋರ್ಡ್ ಹಟ ಹಿಡಿದು ಹಣ ಕಳಿಸುವಂತೆ ಮಾಡಿದರು. ಅವರ ಪ್ರಯೋಗಗಳಷ್ಟೇ ಇದೂ ನನಗೆ ದೊಡ್ಡದಾಗಿ ಕಾಣುತ್ತದೆ.

ಯುದ್ಧದ ನಡುವೆ, ಜಲಾಂತರ್ಗಾಮಿಗಳನ್ನು ಪತ್ತೆಮಾಡುವ ಸರ್ಕಾರಿ ಕೆಲಸದಿಂದ ಬಿಡುವಾದಾಗ, ಮತ್ತೊಂದು ಹೊಂದದ ಮಿನುಗಿನ ಹಿಂದೆ ಬಿದ್ದರು. ಆಲ್ಫಾ ಕಣಗಳನ್ನು ಗಾಳಿಯಲ್ಲಿ ಹಾಯಿಸಿದರೆ, ಅವು ತಲುಪಲಾಗದಷ್ಟು ದೂರದ ಪರದೆಯ ಮೇಲೂ ಮಿನುಗು ಕಾಣುತ್ತಿತ್ತು. ಕಾರಣ ಸಾರಜನಕ ಎಂದು ಒಂದೊಂದೇ ಅನಿಲ ಬದಲಿಸಿ ತಿಳಿದರು. ಆಲ್ಫಾ ಕಣ ಸಾರಜನಕದ ನ್ಯೂಕ್ಲಿಯಸ್ಸಿಗೆ ಬಡಿದು ಜಲಜನಕದ ನ್ಯೂಕ್ಲಿಯಸ್ ಹೊರಬಿದ್ದಿತ್ತು. 1919ರಲ್ಲಿ ಇದು ಪ್ರಕಟವಾಯಿತು. ಮನುಷ್ಯ ಬೇಕೆಂದು ಒಂದು ಧಾತುವನ್ನು ಬದಲಿಸಿದ್ದು ಅದೇ ಮೊದಲು. ಸಾರಜನಕ ಒಡೆದು ಚೂರಾಗಲಿಲ್ಲ, ಆಲ್ಫಾ ಕಣವನ್ನು ಒಳಗೆ ತೆಗೆದುಕೊಂಡು ಆಮ್ಲಜನಕವಾಯಿತು ಎಂಬುದನ್ನು 1925ರಲ್ಲಿ ಬ್ಲ್ಯಾಕೆಟ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಛಾಯಾಚಿತ್ರ ತೆಗೆದು, ಅವುಗಳಲ್ಲಿ ಸಿಕ್ಕ ಎಂಟೇ ಎಂಟು ಕವಲುಗಳಿಂದ ತೋರಿಸಿದರು. ಹೊರಬಿದ್ದ ಆ ಕಣಕ್ಕೆ ಪ್ರೋಟಾನ್ ಎಂದು ಹೆಸರಿಟ್ಟವರು ರುದರ್‌ಫೋರ್ಡ್. ವಿದ್ಯುದಂಶವಿಲ್ಲದ ಇನ್ನೊಂದು ಕಣ ಇರಬೇಕೆಂದು 1920ರಲ್ಲೇ ಊಹಿಸಿದ್ದರು. ಸೆರೆಯಿಂದ ಮರಳಿದ್ದ ಚಾಡ್ವಿಕ್ 1932ರಲ್ಲಿ ನ್ಯೂಟ್ರಾನ್ ಕಂಡರು.

1919ರಿಂದ ಕೊನೆಯವರೆಗೆ ರುದರ್‌ಫೋರ್ಡ್ ಕ್ಯಾವೆಂಡಿಷ್ ಪ್ರಯೋಗಾಲಯದ ಮುಖ್ಯಸ್ಥರು. 1931ರಲ್ಲಿ ಲಾರ್ಡ್ ಪದವಿ ಬಂತು. ಅದರ ಹಿಂದಿನ ತಿಂಗಳುಗಳು ಸಂಭ್ರಮದ್ದಾಗಿರಲಿಲ್ಲ. ಒಬ್ಬಳೇ ಮಗಳು ಐಲೀನ್ 1930ರ ಡಿಸೆಂಬರಿನಲ್ಲಿ ಹೆರಿಗೆಯ ನಂತರ ತೀರಿಕೊಂಡಿದ್ದರು.

ಅವರು ತಪ್ಪಿದ್ದೂ ಉಂಟು. ಪರಮಾಣುವಿನಿಂದ ಉಪಯೋಗಕ್ಕೆ ಬರುವಷ್ಟು ಶಕ್ತಿ ಪಡೆಯುವ ಮಾತು ಹುಸಿ ಎಂದು 1933ರಲ್ಲಿ ಸಾರಿದರು. 1938ರ ಕೊನೆಗೆ ಯುರೇನಿಯಂ ವಿದಳನ ಪತ್ತೆಯಾಯಿತು. ಅದನ್ನು ನೋಡಲು, ಮತ್ತು ಅದರಿಂದ 1945ರಲ್ಲಿ ಆದದ್ದನ್ನು ನೋಡಲು, ಅವರು ಇರಲಿಲ್ಲ.

ಅದೇ 1933ರಲ್ಲಿ ಹಿಟ್ಲರನ ಆಡಳಿತ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದಾಗ, ಅವರಿಗೆ ನೆರವಾಗಲು ಇಂಗ್ಲೆಂಡಿನಲ್ಲಿ ಹುಟ್ಟಿದ ಮಂಡಳಿಗೆ ರುದರ್‌ಫೋರ್ಡ್ ಅಧ್ಯಕ್ಷರಾದರು. ಹಾಗೆ ಕೆಲಸ ಕಳೆದುಕೊಂಡು ಕೇಂಬ್ರಿಡ್ಜಿಗೆ ಬಂದವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935ರಲ್ಲಿ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು.

ರುದರ್‌ಫೋರ್ಡರೂ ಭಾರತಕ್ಕೆ ಬರುವವರಿದ್ದರು. 1938ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಇಪ್ಪತ್ತೈದನೆಯ ವರ್ಷದ ಅಧಿವೇಶನಕ್ಕೆ ಅವರೇ ಅಧ್ಯಕ್ಷರೆಂದು ನಿಗದಿಯಾಗಿತ್ತು. ಭಾಷಣವನ್ನೂ ಬರೆದಿಟ್ಟಿದ್ದರು. ಆದರೆ ಹೊಟ್ಟೆಯ ಹರ್ನಿಯಾ ಬಿಗಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿದರೂ ಉಳಿಯದೆ, 1937ರ ಅಕ್ಟೋಬರ್ 19ರಂದು ಕೇಂಬ್ರಿಡ್ಜಿನಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನರ ಸಮಾಧಿಯ ಹತ್ತಿರ ಅವರ ಚಿತಾಭಸ್ಮ ಇಟ್ಟರು. ಕಲ್ಕತ್ತಾದಲ್ಲಿ ಅಧ್ಯಕ್ಷ ಪೀಠದಲ್ಲಿ ಜೇಮ್ಸ್ ಜೀನ್ಸ್ ಕೂತರು, ರುದರ್‌ಫೋರ್ಡ್ ಬರೆದಿಟ್ಟಿದ್ದ ಭಾಷಣವನ್ನು ಸಭೆಯಲ್ಲಿ ಓದಲಾಯಿತು.